ಫೈಬರ್‌ಗ್ಲಾಸ್ ಹಾಯಿದೋಣಿಯ ಒಡಲಲ್ಲಿ ಸಿಕ್ಕಿಕೊಂಡ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಫೈಬರ್‌ಗ್ಲಾಸ್ ಮರದ ಹಾಗೆ ಕೊಳೆಯುವುದಿಲ್ಲ, ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಪದರಗಳ ನಡುವೆ ಕೂತಿರುವ ಮರ, ಫೋಮ್, ಉಕ್ಕು ಇವಕ್ಕೆಲ್ಲ ನೀರು ಆಗಿಬರುವುದಿಲ್ಲ. ಅಲ್ಲಿಗೆ ಹೊಕ್ಕ ನೀರು ತಾನಾಗಿಯೇ ಹೊರಗೆ ಬರುವುದು ತೀರಾ ಅಪರೂಪ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀರು ಎಲ್ಲಿ ನಿಂತಿದೆ, ಯಾವ ದಾರಿಯಲ್ಲಿ ಬಂತು, ಇವೆರಡೂ ಗೊತ್ತಾಗುವ ತನಕ ಸಂದು ಮುಚ್ಚುವ ಸೀಲಂಟ್ ಟ್ಯೂಬ್ ಕೈಗೆತ್ತಿಕೊಳ್ಳಬೇಡಿ. ಅರ್ಧಕ್ಕರ್ಧ ದೋಣಿಗಳು ಹಾಳಾಗುವುದು ನೀರು ಒಳಗಿರುವಾಗಲೇ ತೂತು ಮುಚ್ಚಿದ್ದರಿಂದ ಅಂತ ನನಗನಿಸುತ್ತದೆ.

ಬಿಲ್ಜ್‌ನಲ್ಲಿ ನಿಂತ ನೀರು, ಒಡಲಲ್ಲಿ ಸಿಕ್ಕಿಕೊಂಡ ನೀರು, ಎರಡೂ ಒಂದೇನಾ?

ಅಲ್ಲ. ಬಿಲ್ಜ್ ಅಂದರೆ ದೋಣಿಯ ತಳದ ತಗ್ಗು. ಅಲ್ಲಿ ನಿಂತ ನೀರು ಕಣ್ಣಿಗೆ ಕಾಣುತ್ತದೆ, ಪಂಪ್ ಹಾಕಿದರೆ ಹೋಗುತ್ತದೆ. ಸಿಕ್ಕಿಕೊಂಡ ನೀರು ಪಂಪಿಗೂ ಎಟುಕದು, ಸ್ಪಂಜಿಗೂ ಎಟುಕದು.

ಅದು ಅಡಗುವ ಜಾಗಗಳು ಹಲವು. ಒಡಲಿಗೂ ಅದರೊಳಗೆ ಅಂಟಿಸಿದ ಅಚ್ಚಿನ ಲೈನರಿಗೂ ನಡುವಿನ ಸಂದು. ತಳಕ್ಕೆ ಬಲ ಕೊಡುವ, ಒಳಗೆ ಫೋಮ್ ಅಥವಾ ಪ್ಲೈವುಡ್ ತುಂಬಿದ ಉದ್ದ ಪಟ್ಟಿಗಳು. ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಫೋಮ್ ಇಟ್ಟು ಮಾಡಿದ ಡೆಕ್. ಕೆಲವು ದೋಣಿಗಳಲ್ಲಿ ಒಡಲೂ ಹೀಗೇ ಇರುತ್ತದೆ. ಮಧ್ಯದ ಈ ಮರ ಅಥವಾ ಫೋಮಿಗೆ ಕೋರ್ ಅನ್ನುತ್ತಾರೆ. ಇನ್ನು ಚುಕ್ಕಾಣಿಯ ಹೊಟ್ಟೆ, ಕೀಲಿನ (ದೋಣಿ ಮಗುಚದಂತೆ ತಳದಿಂದ ಕೆಳಕ್ಕೆ ಇಳಿದಿರುವ ಭಾರದ ರೆಕ್ಕೆಯ) ಪೊಳ್ಳು, ಸಣ್ಣ ದೋಣಿಗಳಲ್ಲಿ ತಳಕ್ಕೂ ಡೆಕ್ಕಿಗೂ ನಡುವಿನ ಮುಚ್ಚಿದ ಜಾಗ. ಕೊನೆಯದಾಗಿ ಫೈಬರನ್ನು ಗಟ್ಟಿಯಾಗಿ ಹಿಡಿದಿಡುವ ಅಂಟು, ಅಂದರೆ ರೆಸಿನ್ ಒಳಗೇ ಸೇರಿಕೊಂಡು ಗುಳ್ಳೆ ಎಬ್ಬಿಸುವ ನೀರು. ಒಂದೊಂದಕ್ಕೂ ಮದ್ದು ಬೇರೆ. ಡೆಕ್ಕಿನ ಮದ್ದು ಚುಕ್ಕಾಣಿಗೆ ನಡೆಯುವುದಿಲ್ಲ.

ಒಳಗೆ ನೀರಿದೆ ಅಂತ ಹೇಗೆ ಗೊತ್ತಾಗುತ್ತದೆ?

ದೋಣಿಯೇ ಹೇಳುತ್ತದೆ. ಗಾಳಿ ಚೆನ್ನಾಗಿದ್ದರೂ ಮೊದಲಿನ ವೇಗ ಬರುವುದಿಲ್ಲ. ನೀರಲ್ಲಿ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತದೆ. ಸಣ್ಣ ದೋಣಿಯಾದರೆ ಎತ್ತಿ ವಾಲಿಸಿದಾಗ ಒಳಗೆ ಗುಳುಗುಳು ಅನ್ನುತ್ತದೆ. ಡೆಕ್ ಮೇಲೆ ನಡೆದರೆ ಒಂದು ಕಡೆ ಕಾಲು ಮೆತ್ತಗೆ ಕುಸಿದ ಹಾಗಾಗುತ್ತದೆ. ಕ್ಯಾಬಿನ್ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬರುತ್ತದೆ. ಬೋಲ್ಟಿನ ಬುಡದಲ್ಲಿ ಕಂದು ಬಣ್ಣದ ನೀರು ಒಸರುತ್ತದೆ. ಈ ಕಂದು ನೀರನ್ನು ಕಡೆಗಣಿಸಬೇಡಿ. ಅದು ಒಳಗಿನ ಮರ ಕೊಳೆತ ಗುರುತು, ಇಲ್ಲವೇ ಕಬ್ಬಿಣ ತುಕ್ಕು ಹಿಡಿದ ಗುರುತು.

ಅನುಮಾನ ಬಂದ ಕಡೆ ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ. ಕೋರ್ ಒದ್ದೆಯಾಗಿದ್ದರೆ ಅಥವಾ ಪದರದಿಂದ ಬಿಟ್ಟಿದ್ದರೆ ದಬ್ ಅಂತ ಮಂಕು ಸದ್ದು ಬರುತ್ತದೆ. ಸದ್ದು ಬದಲಾಗುವ ಕಡೆ ಪೆನ್ಸಿಲಿನಿಂದ ಗೆರೆ ಹಾಕುತ್ತಾ ಹೋದರೆ ಒದ್ದೆ ಜಾಗದ ನಕ್ಷೆಯೇ ಸಿಗುತ್ತದೆ. ಒಂದು ಎಚ್ಚರಿಕೆ: ಕೆಳಗೆ ಗೋಡೆ ಅಥವಾ ಕಪಾಟು ಅಂಟಿಕೊಂಡಿದ್ದರೂ ಸದ್ದು ಬದಲಾಗುತ್ತದೆ. ಒಳಗೆ ಏನಿದೆ ಅಂತ ನೋಡಿಕೊಂಡೇ ಬಡಿಯಿರಿ.

ನೀರು ಉಪ್ಪೋ ಸಿಹಿಯೋ ಅಂತ ನೋಡಿದರೆ ಏನು ಪ್ರಯೋಜನ?

ಬಹಳ ಪ್ರಯೋಜನ ಇದೆ, ಅದೂ ಖರ್ಚಿಲ್ಲದೆ. ಸಮುದ್ರದ ದೋಣಿಯಲ್ಲಿ ಉಪ್ಪು ನೀರು ಸಿಕ್ಕರೆ ಅದು ಹೊರಗಿನಿಂದ ಬಂದದ್ದು. ತಳದ ವಾಲ್ವ್, ಎಂಜಿನ್ ಶಾಫ್ಟಿನ ಸೀಲ್, ಕೀಲ್ ಬೋಲ್ಟ್, ಇಲ್ಲವೇ ಅಲೆ ಹೊಡೆಯುವ ಬದಿಯಲ್ಲಿ ಡೆಕ್ಕೂ ಒಡಲೂ ಸೇರುವ ಜೋಡಣೆ. ಸಿಹಿ ನೀರಾದರೆ ಮಳೆ, ಕುಡಿಯುವ ನೀರಿನ ಟ್ಯಾಂಕ್, ಐಸ್ ಪೆಟ್ಟಿಗೆಯ ಪೈಪ್, ಇಲ್ಲವೇ ತಣ್ಣಗಿನ ಗೋಡೆಯ ಮೇಲೆ ಕೂತ ಇಬ್ಬನಿ.

ಬಿಲ್ಜ್ ನೀರನ್ನು ನಾಲಿಗೆಗೆ ಹಚ್ಚುವವರಿದ್ದಾರೆ. ಅದರಲ್ಲಿ ಡೀಸೆಲ್, ಸೋಪು, ಬಣ್ಣ ಎಲ್ಲ ಇರುತ್ತದೆ, ದಯವಿಟ್ಟು ಬೇಡ. ಕಪ್ಪು ತಟ್ಟೆಯ ಮೇಲೆ ಒಂದು ಚಮಚ ನೀರು ಹಾಕಿ ಬಿಸಿಲಲ್ಲಿ ಒಣಗಲು ಬಿಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಹಾಗಾಗಿ ಬಿಳಿ ಹರಳು ಎದ್ದು ಕಾಣುತ್ತವೆ.

ಸಿಹಿ ನೀರು ಬಂದರೆ ಎಲ್ಲರೂ ಮೊದಲು ಟ್ಯಾಂಕ್ ಮೇಲೆ ಅನುಮಾನ ಪಡುತ್ತಾರೆ. ಹಾಯಿ ಕಟ್ಟುವ ಕಂಬದ ಬುಡ ಡೆಕ್ ದಾಟಿ ಕೀಲಿನ ತನಕ ಇಳಿದಿರುವ ದೋಣಿಗಳಲ್ಲಿ ಮಳೆ ನೀರು ಹಗ್ಗ ಹೊರಬರುವ ಕಿಂಡಿಗಳಿಂದ ಕಂಬದೊಳಗೆ ಇಳಿದು ಸೀದಾ ತಳ ಸೇರುತ್ತದೆ. ಮೊದಲು ಅದನ್ನು ನೋಡಿ.

ನೀರು ಬರುವ ದಾರಿ ಹುಡುಕುವುದು ಹೇಗೆ?

ಮೊದಲು ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ. ಅನುಮಾನದ ಜಾಗಗಳ ಕೆಳಗೆ ಟಾಲ್ಕಂ ಪೌಡರ್ ಉದುರಿಸಿ, ಇಲ್ಲವೇ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಆಮೇಲೆ ಒಬ್ಬರು ಹೊರಗೆ ಪೈಪ್ ಹಿಡಿದು ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವುದು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಪೌಡರ್ ಮೇಲೆ ಒಂದು ಹನಿ ಹರಿದರೂ ಗೆರೆ ಮೂಡುತ್ತದೆ. ಟ್ಯಾಂಕ್ ಅಥವಾ ಸ್ನಾನದ ತೊಟ್ಟಿಯ ಮೇಲೆ ಅನುಮಾನವಿದ್ದರೆ ಆ ನೀರಿಗೆ ಸ್ವಲ್ಪ ತಿನ್ನುವ ಬಣ್ಣ ಹಾಕಿ.

ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಲೈನರ್ ಹಿಂದೆ ನೀರು ಮೀಟರ್‌ಗಟ್ಟಲೆ ಹರಿದು ಹೋಗಿ ಇನ್ನೆಲ್ಲೋ ಇಳಿಯುತ್ತದೆ. ಬಹುಪಾಲು ಅಪರಾಧಿಗಳು ಡೆಕ್ ಮೇಲೆಯೇ ಇರುತ್ತವೆ: ಬೇಲಿ ಕಂಬಗಳ ಬುಡ, ಕಂಬದ ತಂತಿ ಹಿಡಿಯುವ ಚೈನ್‌ಪ್ಲೇಟ್, ಕಿಟಕಿ ಚೌಕಟ್ಟು, ಹಗ್ಗದ ಕ್ಲೀಟ್.

ತೇವಾಂಶ ಅಳೆಯುವ ಮೀಟರನ್ನು ನಂಬಬಹುದಾ?

ಹೋಲಿಸಿ ನೋಡಲು ನಂಬಬಹುದು. ಅದು ತೋರಿಸುವ ಅಂಕಿಯನ್ನು ಇಷ್ಟೇ ಶೇಕಡಾ ನೀರು ಅಂತ ಓದಬಾರದು. ಮೀಟರ್ ಅಳೆಯುವುದು ಅಲ್ಲಿನ ವಿದ್ಯುತ್ ಗುಣವನ್ನು. ತಾಮ್ರ ಸೇರಿದ ತಳದ ಬಣ್ಣ, ಮೇಲ್ಮೈಯ ಉಪ್ಪು, ಒಳಗಿನ ಲೋಹ, ಕಾರ್ಬನ್ ಫೈಬರ್, ಇವೆಲ್ಲ ಅದನ್ನು ದಾರಿ ತಪ್ಪಿಸುತ್ತವೆ. ಆಗಷ್ಟೇ ನೀರಿನಿಂದ ಎತ್ತಿದ ದೋಣಿಯ ತಳ ಹೇಗೂ ಜಾಸ್ತಿ ತೋರಿಸುತ್ತದೆ. ಸಿಹಿ ನೀರಲ್ಲಿ ತೊಳೆದು, ಕೆಲವು ದಿನ ಬಿಟ್ಟು, ನೀರಿನ ಮಟ್ಟಕ್ಕಿಂತ ಮೇಲಿನ ಒಣ ಜಾಗದ ಅಂಕಿಗೆ ಹೋಲಿಸಿ. ಅದೇ ಜಾಗದಲ್ಲಿ ವಾರಕ್ಕೊಮ್ಮೆ ಅಳೆದು ಬರೆದಿಟ್ಟರೆ ಮೀಟರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮೀಟರ್ ಇಲ್ಲದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಸುತ್ತ ಟೇಪ್ ಹಾಕಿ ತಳಕ್ಕೆ ಅಂಟಿಸಿ. ಒಂದು ದಿನ ಬಿಟ್ಟು ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ತೇವ ಇದೆ ಅಂತ ಅರ್ಥ.

ಡಿಂಗಿ ಅನ್ನುವ ಸಣ್ಣ ಹಾಯಿದೋಣಿಯಲ್ಲಿ ಎಲ್ಲೂ ಬಿರುಕಿಲ್ಲ, ಆದರೂ ಪ್ರತಿ ಸಲ ನೀರು ತುಂಬುತ್ತದೆ. ಏಕೆ?

ಇದರ ಹಿಂದೆ ಬಿಸಿಲಿನ ಕೈವಾಡ ಇರಬಹುದು. ನೀರು ಇಳಿಸುವ ತೂತಿಗೆ ಬಿರಡೆ ಹಾಕಿ ದಡದಲ್ಲಿ ಬಿಸಿಲಿಗಿಟ್ಟ ದೋಣಿಯ ಒಳಗಿನ ಗಾಳಿ ಕಾಯುತ್ತದೆ, ಹಿಗ್ಗುತ್ತದೆ, ಸಿಕ್ಕ ಸಂದಿನಿಂದ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತದೆ. ಆಮೇಲೆ ದೋಣಿಯನ್ನು ತಣ್ಣನೆ ನೀರಿಗೆ ಇಳಿಸುತ್ತೀರಿ. ಒಳಗಿನ ಗಾಳಿ 50 ಡಿಗ್ರಿಯಿಂದ 25 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಅದರ ಒತ್ತಡ ಸುಮಾರು ಶೇಕಡಾ 8ರಷ್ಟು ಕುಗ್ಗಲು ನೋಡುತ್ತದೆ. ಅಷ್ಟಾದರೆ ಸಾಕು, ಸೂಜಿಮೊನೆಯಷ್ಟು ತೂತಿದ್ದರೂ ದೋಣಿ ನೀರನ್ನು ಒಳಕ್ಕೆ ಹೀರುತ್ತದೆ. ಬಿರುಕು ಕಾಣದಿರುವುದು ಇದಕ್ಕೇ. ಗಾಳಿ ಆಡಲೆಂದು ತಯಾರಕರು ಬಿಟ್ಟ ಸಣ್ಣ ತೂತು ಇದ್ದರೆ ಅದರಲ್ಲಿ ಮಣ್ಣು ತುಂಬಿಕೊಂಡಿದೆಯಾ ನೋಡಿ. ಅದನ್ನು ಸೋರುವ ತೂತು ಅಂದುಕೊಂಡು ಮುಚ್ಚಿಬಿಡಬೇಡಿ. ದಡದಲ್ಲಿರುವಾಗ ಬಿರಡೆ ಯಾವಾಗಲೂ ತೆಗೆದಿರಲಿ.

ಸೋರುವ ಜಾಗ ಹುಡುಕಲು ಒಡಲಿಗೆಲ್ಲ ಸೋಪಿನ ನೀರು ಹಚ್ಚಿ, ಬಿರಡೆಯ ತೂತಿನಿಂದ ಮೆಲ್ಲಗೆ ಗಾಳಿ ಊದಿ. ಬಾಯಲ್ಲಿ ಪೈಪ್ ಇಟ್ಟು ಊದಿದರೂ ಸಾಕು, ಸೋರುವಲ್ಲಿ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಜೋಡಿಸಬೇಡಿ. ಡೆಕ್ಕೂ ತಳವೂ ಸೇರುವ ಜೋಡಣೆ ಬಿಟ್ಟುಹೋದರೆ ಇದ್ದ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಕಂಬದ ಬುಡ ಕೂರುವ ಕೊಳವೆ, ಸೆಂಟರ್‌ಬೋರ್ಡ್ (ತಳದಿಂದ ನೀರಿಗೆ ಇಳಿಸುವ ಹಲಗೆ) ಪೆಟ್ಟಿಗೆಯ ಮೂಲೆಗಳು, ಸ್ಕ್ರೂ ಹಾಕಿದ ಜಾಗ, ಬಿರಡೆಯ ವಾಷರ್, ಇವನ್ನು ಮೊದಲು ನೋಡಿ.

ಈ ನೀರಿನ ತೂಕ ಎಷ್ಟೋ ಜನರ ಲೆಕ್ಕಕ್ಕೆ ಬರುವುದೇ ಇಲ್ಲ. ಲೇಸರ್ ಡಿಂಗಿಯ ಬರಿಯ ಒಡಲು ಸುಮಾರು 59 ಕೆಜಿ. ಅದರೊಳಗೆ 40 ಲೀಟರ್ ಸಮುದ್ರದ ನೀರು ಸೇರಿದರೆ 41 ಕೆಜಿ ಜಾಸ್ತಿಯಾಯಿತು, ಅಲ್ವಾ?

ನೀರು ಇಳಿಸಲು ಒಡಲಿಗೆ ಡ್ರಿಲ್ ಹೊಡೆಯಬಹುದಾ? ಯೋಚಿಸಿದರೇ ಭಯವಾಗುತ್ತದೆ.

ಭಯ ಸಹಜ. ಆದರೂ ಎಷ್ಟೋ ಸಲ ಅದೇ ಸರಿಯಾದ ದಾರಿ. ಸಿಕ್ಕಿಕೊಂಡ ನೀರಿನ ತಗ್ಗಿನಲ್ಲಿ ಹೊಡೆದ 6 ಮಿಲಿಮೀಟರ್ ತೂತು ಒಂದೇ ದಿನದಲ್ಲಿ ಇಳಿಸುವ ನೀರನ್ನು ಫ್ಯಾನ್ ತಿಂಗಳಾದರೂ ಒಣಗಿಸುವುದಿಲ್ಲ. ಆ ತೂತನ್ನು ಆಮೇಲೆ ಗಟ್ಟಿಯಾಗಿ ಮುಚ್ಚಲು ಬರುತ್ತದೆ. ಕೊಳೆತ ಕೋರನ್ನು ಹಾಗೆ ಸರಿಮಾಡಲು ಬರುವುದಿಲ್ಲ.

ನಿಯಮಗಳು ಇವು. ದೋಣಿ ದಡದ ಮೇಲೆ, ಭದ್ರವಾದ ಊರುಗೋಲುಗಳ ಮೇಲೆ ಇರಬೇಕು. ಆದಷ್ಟು ಒಳಬದಿಯಿಂದ ಹೊಡೆಯಿರಿ. ವೈರು, ಪೈಪು, ಟ್ಯಾಂಕ್ ಎಲ್ಲಿವೆ ಅಂತ ಖಚಿತ ಮಾಡಿಕೊಳ್ಳಿ. ಒಳಪದರ ದಾಟಿದ ಕೂಡಲೇ ನಿಲ್ಲಿಸಲು ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿ. ನಿಧಾನ ವೇಗದಲ್ಲಿ ಹೊಡೆದು, ಬಿಟ್‌ಗೆ ಅಂಟಿ ಬರುವ ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿ. ತಿಳಿ ಹಳದಿ ಬಣ್ಣದ, ಗಾಳಿಗೆ ಹಾರುವ ಒಣ ಪುಡಿ ಬಂದರೆ ಬಾಲ್ಸಾ ಚೆನ್ನಾಗಿದೆ. ಬೆರಳಿಗೆ ತಣ್ಣಗೆ ಹತ್ತಿದರೆ ಒದ್ದೆಯಾಗಿದೆ, ಇನ್ನೂ ಕೊಳೆತಿಲ್ಲ. ಕಪ್ಪಗೆ, ಹಿಂಡಿದರೆ ನೀರು ಬರುವ ಹಾಗಿದ್ದರೆ ಆ ಜಾಗದ ಕೋರ್ ಹೋದಂತೆಯೇ. ಪ್ರತಿ ತೂತಿನ ಪಕ್ಕ ಫಲಿತಾಂಶ ಬರೆದು, ಒಣ ಪುಡಿ ಸಿಗುವ ತನಕ ಹೊರಕ್ಕೆ ಹೊರಕ್ಕೆ ಹೋಗಿ. ಆಗ ಎಷ್ಟು ದೂರ ಹಬ್ಬಿದೆ ಅಂತ ತಿಳಿಯುತ್ತದೆ.

ಒಣಗಿಸುವ ಸರಿಯಾದ ವಿಧಾನ ಯಾವುದು?

ಮೊದಲು ತೊಳೆಯಿರಿ. ಒಣಗಿಸಬೇಕಾದ್ದಕ್ಕೆ ಇನ್ನಷ್ಟು ನೀರು ಹಾಕುವುದಾ ಅಂತ ಕೇಳುತ್ತಾರೆ. ಹೌದು, ಹಾಕಬೇಕು. ಉಪ್ಪು ಒಳಗೆ ಉಳಿದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಆ ಜಾಗ ಪೂರ್ತಿ ಒಣಗುವುದೇ ಇಲ್ಲ. ಸಿಹಿ ನೀರು ಹಾಕಿ ಇಳಿಸಿ. ಹೊರಗೆ ಬರುವ ನೀರು ಉಪ್ಪು ಬಿಡುವುದು ನಿಲ್ಲುವ ತನಕ ಹೀಗೇ ಮಾಡಿ.

ಆಮೇಲೆ ಬೇಕಾದ್ದು ಮೂರು: ಶಾಖ, ಗಾಳಿಯ ಓಡಾಟ, ಒಣ ಗಾಳಿ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಕೆಲಸ ಆಗುವುದಿಲ್ಲ. ಬರಿ ಹೀಟರ್ ಇಟ್ಟರೆ ಹಗಲು ಆವಿಯಾದ ನೀರು ರಾತ್ರಿ ಮತ್ತೆ ಗೋಡೆಗೆ ಕೂರುತ್ತದೆ. ದೋಣಿಯನ್ನು ಟಾರ್ಪಾಲ್‌ನಿಂದ ಮುಚ್ಚಿ ಒಳಗೆ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಇಡಿ. ಅದರ ನೀರಿನ ಡಬ್ಬಿ ತುಂಬುವ ವೇಗವೇ ಒಳ್ಳೆಯ ಅಳತೆಗೋಲು. ಕಂಪ್ರೆಸರ್ ಇರುವ ಮಾದರಿ ಚಳಿಯಲ್ಲಿ ಮಂದವಾಗುತ್ತದೆ. ಚಳಿ ಜಾಸ್ತಿ ಇರುವಲ್ಲಿ ತೇವ ಹೀರುವ ವಸ್ತು ಬಳಸುವ ಮಾದರಿ ಮೇಲು. ಡಿಂಗಿಗಾದರೆ ಡೆಕ್ ಮೇಲೆ 150 ಮಿಲಿಮೀಟರ್ ಅಗಲದ ಮುಚ್ಚಳ ಕೂರಿಸುವಷ್ಟು ಕಿಂಡಿ ಕತ್ತರಿಸಿ, ಅದರಿಂದ ಸಣ್ಣ ಫ್ಯಾನ್ ಗಾಳಿ ಒಳಕ್ಕೆ ತಳ್ಳಲಿ, ಬಿರಡೆ ತೂತಿನಿಂದ ಹೊರಗೆ ಹೋಗಲಿ. ಕಿಂಡಿ ತೆಗೆಯುವ ಮುನ್ನ ಕೆಳಗೆ ಗಟ್ಟಿ ಪಟ್ಟಿ ಇಲ್ಲ ಅಂತ ನೋಡಿಕೊಳ್ಳಿ.

ನಿರ್ವಾತದಲ್ಲಿ ಒಣಗಿಸುವ ವಿಧಾನವೂ ಇದೆ. ಗಾಳಿಯ ಒತ್ತಡವನ್ನು ಸುಮಾರು 23 ಮಿಲಿಬಾರ್‌ಗೆ ಇಳಿಸಿದರೆ ನೀರು 20 ಡಿಗ್ರಿಯಲ್ಲೇ ಕುದಿಯುತ್ತದೆ. ಕುದಿಯುವ ನೀರು ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ, ಹಾಗಾಗಿ ಮೇಲಿನಿಂದ ಶಾಖ ಕೊಡುತ್ತಲೇ ಇರಬೇಕು. ಇದಕ್ಕೆಂದೇ ಬಿಸಿ ಪ್ಯಾಡ್ ಮತ್ತು ಪಂಪ್ ಇಟ್ಟುಕೊಂಡ ಬೋಟ್ ಯಾರ್ಡ್‌ಗಳಿವೆ.

ಕ್ಯಾಬಿನ್ ಒಳಗೆ ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರ್ ಖಂಡಿತ ಬೇಡ. ಅದು ಉರಿಯುವಾಗ ನೀರಾವಿಯನ್ನೇ ಬಿಡುತ್ತದೆ, ಜೊತೆಗೆ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುವ ಕಾರ್ಬನ್ ಮಾನಾಕ್ಸೈಡ್ ಕೂಡ.

ಎಷ್ಟು ದಿನ ಬೇಕು?

ಖಾಲಿ ಪೊಳ್ಳು ಜಾಗವಾದರೆ ದಿನಗಳು. ರೆಸಿನ್ ಒಳಗಿನ ತೇವವಾದರೆ ವಾರಗಳು, ಕೆಲವೊಮ್ಮೆ ತಿಂಗಳುಗಳು. ನೀರು ಕುಡಿದ ಫೋಮ್ ಮತ್ತು ಕೊಳೆತ ಬಾಲ್ಸಾ ಒಣಗಲಿ ಅಂತ ಕಾಯುವುದು ಸುಮ್ನೆ ಕಾಲಹರಣ, ಅವನ್ನು ಕಿತ್ತು ತೆಗೆಯುವುದೇ ಸರಿ. ಕ್ಯಾಲೆಂಡರ್ ನೋಡಬೇಡಿ, ಅಂಕಿ ನೋಡಿ. ಮೀಟರ್ ಎರಡು ಮೂರು ವಾರ ಇಳಿಯದೆ ಒಂದೇ ಕಡೆ ನಿಂತರೆ ಒಣಗಿರಬೇಕು, ಇಲ್ಲವೇ ಇನ್ನೂ ಎಲ್ಲಿಂದಲೋ ನೀರು ಬರುತ್ತಿರಬೇಕು. ಪರೀಕ್ಷೆಗೆ ಇನ್ನೊಂದು ಸಣ್ಣ ತೂತು ಹೊಡೆದು ಪುಡಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಒದ್ದೆ ಕೋರಿಗೆ ತೂತು ಹೊಡೆದು ಎಪಾಕ್ಸಿ (ಬೆರೆಸಿದ ಮೇಲೆ ಗಟ್ಟಿಯಾಗುವ ಅಂಟು) ಸುರಿದರೆ ಸಾಲದಾ?

ಸಾಲದು. ಇದನ್ನು ಕೇಳದವರಿಲ್ಲ, ಯಾಕಂದರೆ ಸುಲಭ ಅನಿಸುತ್ತದೆ. ನೀರು ತುಂಬಿದ ಮರದೊಳಗೆ ಎಪಾಕ್ಸಿ ಇಳಿಯುವುದಿಲ್ಲ. ತೂತಿನ ಸುತ್ತ ಒಂದು ಗಟ್ಟಿ ಮೊಳೆಯ ಹಾಗೆ ನಿಲ್ಲುತ್ತದೆ ಅಷ್ಟೇ. ಮೊಳೆಗಳ ನಡುವೆ ಕೊಳೆಯುವುದು ಮುಂದುವರಿಯುತ್ತದೆ, ಮುಂದೆ ನಿಜವಾದ ರಿಪೇರಿ ಮಾಡುವವರಿಗೆ ಆ ಮೊಳೆಗಳನ್ನು ಕೆತ್ತುವ ಕೆಲಸ ಬೇರೆ. ಕೋರ್ ಚೆನ್ನಾಗಿದ್ದು, ಪೂರ್ತಿ ಒಣಗಿದ್ದು, ಪದರ ಮಾತ್ರ ಬಿಟ್ಟಿದ್ದರೆ ಆಗ ಎಪಾಕ್ಸಿ ತುಂಬುವುದಕ್ಕೆ ಅರ್ಥವಿದೆ.

ಸರಿಯಾದ ಕೆಲಸ ಅಂದರೆ ಒಂದು ಪದರವನ್ನು ಕತ್ತರಿಸಿ ತೆಗೆದು, ಕೆಟ್ಟ ಕೋರನ್ನು ಒಣ ಅಂಚು ಸಿಗುವ ತನಕ ಕೆರೆದು, ಹೊಸದನ್ನು ಅಂಟಿಸಿ, ಮೇಲೆ ಹೊಸ ಪದರ ಹಾಕುವುದು. ಹಳೆಯ ಪದರದ ಅಂಚನ್ನು 12ಕ್ಕೆ 1ರಂತೆ ಇಳಿಜಾರು ಮಾಡಿ. ಪದರ 3 ಮಿಲಿಮೀಟರ್ ದಪ್ಪವಿದ್ದರೆ ಇಳಿಜಾರು 36 ಮಿಲಿಮೀಟರ್ ಅಗಲ. ಒಳಗಿನಿಂದ ಮಾಡಿದರೆ ಡೆಕ್ ಮೇಲ್ಮೈಯ ಅಂದ ಕೆಡುವುದಿಲ್ಲ, ಆದರೆ ತಲೆಯ ಮೇಲೆ ರೆಸಿನ್ ಹಚ್ಚುವ ಕಷ್ಟ ಮಾಡಿದವರಿಗೇ ಗೊತ್ತು. ಡೆಕ್ಕಾದರೆ ನಾನು ಮೇಲಿನಿಂದ ಮಾಡಿ ಅನ್ನುತ್ತೇನೆ.

ಚುಕ್ಕಾಣಿಯಿಂದ ನೀರು ತೊಟ್ಟಿಕ್ಕುತ್ತಿದೆ. ದೊಡ್ಡ ತೊಂದರೆಯಾ?

ಬಣ್ಣ ನೋಡಿ. ಹೆಚ್ಚಿನ ಚುಕ್ಕಾಣಿಗಳು ಎರಡು ಫೈಬರ್ ಚಿಪ್ಪುಗಳನ್ನು ಅಂಟಿಸಿ, ಒಳಗೆ ಫೋಮ್ ತುಂಬಿ ಮಾಡಿದವು. ನಡುವೆ ಲೋಹದ ದಂಡ, ಅದಕ್ಕೆ ಬೆಸುಗೆ ಹಾಕಿದ ಪಟ್ಟಿಗಳು. ದಂಡ ಒಳಗೆ ಹೋಗುವ ಜಾಗದಲ್ಲಿ ಲೋಹಕ್ಕೂ ಫೈಬರಿಗೂ ಅಂಟು ಬಿಡುವುದು ಸಾಮಾನ್ಯ, ಹಾಗಾಗಿ ಸ್ವಲ್ಪ ನೀರು ಬಹಳ ಚುಕ್ಕಾಣಿಗಳಲ್ಲಿ ಇರುತ್ತದೆ. ದೋಣಿ ಎತ್ತಿಟ್ಟಾಗ ಚುಕ್ಕಾಣಿಯ ತೀರಾ ಕೆಳಗೆ ಸಣ್ಣ ತೂತು ಮಾಡಿ ನೀರು ಇಳಿಸಿ, ಮುಂದೆ ನೀರಿಗಿಳಿಸುವ ಮುಂಚೆ ಒಣಗಿಸಿ ಎಪಾಕ್ಸಿಯಿಂದ ಮುಚ್ಚಿ. ಬಂದ ನೀರು ತಿಳಿಯಾಗಿದ್ದರೆ ಸಮಾಧಾನ. ತುಕ್ಕಿನ ಬಣ್ಣ ಇದ್ದರೆ ಒಳಗಿನ ಪಟ್ಟಿಗಳು ಸವೆಯುತ್ತಿವೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಆಮ್ಲಜನಕ ಬೇಕು. ನಿಂತ ನೀರಿನಲ್ಲಿ ಅದು ಸಿಗದೆ, ಹೊರಗೆ ಫಳಫಳ ಹೊಳೆಯುವ ದಂಡ ಒಳಗೆ ಕುಳಿಬಿದ್ದಿರಬಹುದು. ಅಂಥದ್ದನ್ನು ಬಿಚ್ಚಿ ನೋಡಲೇಬೇಕು. ನಡುಸಮುದ್ರದಲ್ಲಿ ಚುಕ್ಕಾಣಿ ಹೋದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಕೀಲಿನ ಪೊಳ್ಳಿನಲ್ಲಿ ನೀರಿದ್ದರೆ?

ಭಾರವನ್ನು ಫೈಬರ್ ಒಳಗೇ ತುಂಬಿ ಮುಚ್ಚಿದ ಕೀಲಾದರೆ, ಭಾರ ಸೀಸವೋ ಕಬ್ಬಿಣವೋ ತಿಳಿದುಕೊಳ್ಳಿ. ಸೀಸಕ್ಕೆ ನೀರಿನಿಂದ ಅಷ್ಟು ತೊಂದರೆ ಇಲ್ಲ. ಕಬ್ಬಿಣ ತುಕ್ಕು ಹಿಡಿದು ಹಿಗ್ಗಿ ಫೈಬರನ್ನೇ ಸೀಳಬಲ್ಲದು. ತಳ ಕಲ್ಲಿಗೆ ತಾಗಿದ ಜಾಗ ಹುಡುಕಿ, ಅಲ್ಲೇ ನೀರು ಇಳಿಯಲು ಬಿಟ್ಟು, ಒಣಗಿದ ಮೇಲೆ ಹಲವು ಪದರ ಹಾಕಿ ಸರಿಮಾಡಿ. ಬೋಲ್ಟ್ ಹಾಕಿದ ಕೀಲಿನ ಬೋಲ್ಟ್ ಸುತ್ತ ಉಪ್ಪು ನೀರು ಬಂದರೆ ಮಾತ್ರ ನೀವೇ ಕೈ ಹಾಕಬೇಡಿ, ತಜ್ಞರಿಗೆ ತೋರಿಸಿ.

ತಳದಲ್ಲಿ ಗುಳ್ಳೆ ಎದ್ದಿವೆ. ಇದೂ ಒಳಗಿನ ನೀರೇನಾ?

ಹೌದು. ಆಸ್ಮೋಸಿಸ್ ಅನ್ನುವುದು ಇದಕ್ಕೇ. ಪಾಲಿಯೆಸ್ಟರ್ ರೆಸಿನ್ ಮೂಲಕ ನೀರು ಬಹಳ ನಿಧಾನವಾಗಿ ಹಾಯುತ್ತದೆ. ಒಳಗೆ ಗಟ್ಟಿಯಾಗದೆ ಉಳಿದ ರಾಸಾಯನಿಕಗಳನ್ನು ಕರಗಿಸಿಕೊಂಡು ದಟ್ಟ ದ್ರವವಾಗುತ್ತದೆ, ಅದು ಇನ್ನಷ್ಟು ನೀರನ್ನು ಎಳೆಯುತ್ತದೆ, ಒತ್ತಡಕ್ಕೆ ಗುಳ್ಳೆ ಏಳುತ್ತದೆ. ಬೆಚ್ಚಗಿನ ನೀರಿನಲ್ಲಿ, ಸಿಹಿ ನೀರಿನಲ್ಲಿ ಇದು ಬೇಗ. ಚುಚ್ಚಿದರೆ ವಿನೆಗರ್ ವಾಸನೆಯ ಅಂಟು ದ್ರವ ಚಿಮ್ಮುತ್ತದೆ, ಕನ್ನಡಕ ಹಾಕಿಕೊಂಡೇ ಚುಚ್ಚಿ.

ಅಲ್ಲೊಂದು ಇಲ್ಲೊಂದು ಗುಳ್ಳೆಗೆ ಗಾಬರಿ ಬೇಡ. ಅಷ್ಟನ್ನೇ ಕೆರೆದು, ತೊಳೆದು, ಒಣಗಿಸಿ ಎಪಾಕ್ಸಿ ತುಂಬಿ. ತಳದ ತುಂಬ ಎದ್ದಿದ್ದರೆ ಜೆಲ್‌ಕೋಟ್ ಅನ್ನುವ ಹೊರಗಿನ ನುಣುಪು ಪದರವನ್ನು ಪೂರ್ತಿ ತೆಗೆದು, ಬಿಸಿ ಸಿಹಿ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಚೆನ್ನಾಗಿ ಒಣಗಿಸಿ, ಎಲ್ಲ ಸೇರಿ ಸುಮಾರು 0.25 ಮಿಲಿಮೀಟರ್ ದಪ್ಪ ಬರುವ ಹಾಗೆ ಎಪಾಕ್ಸಿ ಹಲವು ಸಲ ಹಚ್ಚಬೇಕು. ತೊಳೆಯುವುದರಲ್ಲಿ ಆತುರ ಪಟ್ಟರೆ ಗುಳ್ಳೆ ವಾಪಸ್ ಬರುತ್ತದೆ.

ಹೆಪ್ಪುಗಟ್ಟುವ ಚಳಿ ಇರುವಲ್ಲಿ ಬೇರೆ ಜಾಗ್ರತೆ ಬೇಕಾ?

ಬೇಕು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕೋರಿನಿಂದ ಪದರ ಎಬ್ಬಿಸಲು, ಚುಕ್ಕಾಣಿಯ ಚಿಪ್ಪು ಬಿಡಿಸಲು ಅಷ್ಟು ಸಾಕು. ಚಳಿಗಾಲಕ್ಕೆ ಮುಂಚೆಯೇ ನೀರು ಇಳಿಸಿ.

ಡೆಕ್ಕಿಗೆ ಮತ್ತೆ ನೀರು ಸೇರದಂತೆ ಏನು ಮಾಡಬೇಕು?

ಸೀಲಂಟ್ ಇವತ್ತಲ್ಲ ನಾಳೆ ಬಿಡುತ್ತದೆ. ಅದು ಬಿಟ್ಟಾಗಲೂ ಕೋರಿಗೆ ನೀರು ತಾಗದ ಹಾಗೆ ಮಾಡುವುದೇ ಉಪಾಯ. ಬೋಲ್ಟ್ ತೆಗೆಯಿರಿ. ಒಂದು ಮೊಳೆಯ ತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಡ್ರಿಲ್‌ಗೆ ಸಿಕ್ಕಿಸಿ, ತೂತಿನೊಳಗೆ ಇಳಿಸಿ ತಿರುಗಿಸಿ. ಬಾಗಿದ ತುದಿ ಎರಡು ಪದರಗಳ ನಡುವಿನ ಕೋರನ್ನು ಸುತ್ತಲೂ ಪುಡಿ ಮಾಡುತ್ತದೆ, ಪದರಗಳಿಗೆ ಪೆಟ್ಟಾಗುವುದಿಲ್ಲ. ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದು, ಕೆಳಗೆ ಟೇಪ್ ಹಾಕಿ, ಮೊದಲು ತೆಳು ಎಪಾಕ್ಸಿ ಹಾಕಿ ಕೋರಿನ ಅಂಚು ಹೀರಲು ಬಿಡಿ. ಆಮೇಲೆ ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ ತುಂಬಿ. ಒಣಗಿದ ಮೇಲೆ ನಡುವೆ ಮೊದಲಿನ ಅಳತೆಯ ತೂತು ಹೊಡೆಯಿರಿ. ಈಗ ಬೋಲ್ಟ್ ಸುತ್ತ ಇರುವುದು ಬರಿ ಎಪಾಕ್ಸಿ. ಬೋಲ್ಟ್ ಬಿಗಿ ಮಾಡಿದಾಗ ಡೆಕ್ ಅಮುಕಿಕೊಳ್ಳುವುದೂ ಇಲ್ಲ.

ಕೋರ್ ಇರುವ ಒಡಲಿನಲ್ಲಿ ತಳದ ವಾಲ್ವ್ ಕೂರಿಸುವಾಗ ಇನ್ನೂ ಜಾಗ್ರತೆ. ಅದರ ಸುತ್ತಲಿನ ಕೋರ್ ತೆಗೆದು ಗಟ್ಟಿ ಫೈಬರ್ ಪದರಗಳನ್ನೇ ತುಂಬಬೇಕು.

ಹಳೆಯ ದೋಣಿ ಕೊಳ್ಳುತ್ತಿದ್ದೇನೆ. ತಳದಲ್ಲಿ ತೇವ ಜಾಸ್ತಿ ಅಂತ ವರದಿ ಬಂದಿದೆ. ಬಿಟ್ಟುಬಿಡಲಾ?

ಅಷ್ಟಕ್ಕೇ ಬಿಡಬೇಡಿ. ಗಟ್ಟಿ ಫೈಬರಿನ ಹಳೆಯ ತಳ ಸ್ವಲ್ಪ ತೇವ ಹಿಡಿದಿರುವುದು ಸಾಮಾನ್ಯ. ಗುಳ್ಳೆ ಇಲ್ಲದಿದ್ದರೆ, ಬಡಿದಾಗ ಸದ್ದು ಗಟ್ಟಿ ಇದ್ದರೆ ಆ ದೋಣಿ ಇನ್ನೂ ಬಹಳ ವರ್ಷ ಓಡುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೂ ಕೋರ್ ಇದ್ದು ಅದು ಒದ್ದೆಯಾಗಿದ್ದರೆ ಮಾತು ಬೇರೆ. ರಿಪೇರಿಯ ಖರ್ಚು ದೋಣಿಯ ಬೆಲೆಯನ್ನೇ ಮೀರಬಹುದು. ಪರೀಕ್ಷೆಗೆ ಸಣ್ಣ ತೂತು ಹೊಡೆಯಲು ಮಾರುವವರ ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಕೋರ್ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಹೇಳಿ. ಚೈನ್‌ಪ್ಲೇಟ್ ಡೆಕ್ ದಾಟುವ ಜಾಗ ಮತ್ತು ಕಂಬದ ಬುಡ, ಇವೆರಡನ್ನು ಒಳಗಿನಿಂದ ಟಾರ್ಚ್ ಹಾಕಿ ನೀವೇ ನೋಡಿ. ಅಲ್ಲಿ ಇತ್ತೀಚೆಗೆ ಬಣ್ಣ ಬಳಿದಿದ್ದರೆ ಏಕೆ ಬಳಿದರು ಅಂತ ಕೇಳಿ.